ಕೊಡತಕ್ಕದ್ದು, ಕೊಡಬಹುದು

ಸರ್ಕಾರಿ ಕಾಯ್ದೆಗಳ ಕನ್ನಡವನ್ನು ಓದಿದವರಿಗೆಲ್ಲ 'ತಕ್ಕದ್ದು' ಎಂಬ ಪದ ಚೆನ್ನಾಗಿ ಗೊತ್ತಿರುತ್ತದೆ. ಅಧಿಕಾರಿಯು ನೋಟಿಸು ಕೊಡತಕ್ಕದ್ದು, ಸಮಿತಿಯು ಸಭೆ ಸೇರತಕ್ಕದ್ದು... ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. 'ಊಟಕ್ಕೆ ಬರತಕ್ಕದ್ದು' ಅಂತ ಅಮ್ಮ ಕರೆದರೆ ನಕ್ಕುಬಿಡುತ್ತೇವೆ. ಆದರೆ ಕಾಯ್ದೆಯ ಪುಸ್ತಕದಲ್ಲಿ ಈ ಪದದ ಪಕ್ಕದಲ್ಲೇ ಇನ್ನೊಂದು ಪದ ಕೂತಿರುತ್ತದೆ: 'ಬಹುದು'. ಕೊಡತಕ್ಕದ್ದು ಎಂದರೆ ಕೊಡಲೇಬೇಕು. ಕೊಡಬಹುದು ಎಂದರೆ ಮನಸ್ಸಿದ್ದರೆ, ದುಡ್ಡಿದ್ದರೆ ಕೊಡು, ಇಲ್ಲವಾದರೆ ಬಿಡು. ಈ ಎರಡು ಪದಗಳ ನಡುವಿನ ಜಾಗದಲ್ಲಿ ಇಂಗ್ಲೆಂಡಿನ ವಿಕಲಚೇತನ ಮಕ್ಕಳು ಮತ್ತು ಅವರ ತಂದೆತಾಯಿ ದಶಕಗಳಿಂದ ಕೋರ್ಟು ಹತ್ತುತ್ತಲೇ ಬಂದಿದ್ದಾರೆ. ಆ ಕಥೆಯನ್ನು ಇವತ್ತು ನನಗೆ ತಿಳಿದಷ್ಟು ಬರೆಯುತ್ತೇನೆ.

ಇದೆಲ್ಲ ನನಗ್ಯಾಕೆ ಅಂತ ಕೇಳಬಹುದು. ನನ್ನ ದೊಡ್ಡಮ್ಮನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಮಗನಿಗೆ ಆಟಿಸಂ. ವಾರಕ್ಕೆ ಇಷ್ಟು ಗಂಟೆ ಅಂತ ಅಲ್ಲಿಯ ಕೌನ್ಸಿಲ್ ಒಬ್ಬ ಸಹಾಯಕಿಯನ್ನು ಕಳಿಸುತ್ತಿತ್ತು. ಒಂದು ಏಪ್ರಿಲ್ ತಿಂಗಳಿಂದ ಆ ಗಂಟೆಗಳು ಅರ್ಧವಾದವು. ಬಂದ ಪತ್ರದಲ್ಲಿ ಹುಡುಗನ ಬಗ್ಗೆ ಒಂದು ಮಾತೂ ಇರಲಿಲ್ಲ, ಸಂಪನ್ಮೂಲಗಳ ಬಗ್ಗೆ ಮೂರು ಪ್ಯಾರಾ ಇತ್ತು. 'ಇದನ್ನ ಕೇಳೋರೇ ಇಲ್ವಾ?' ಅಂದಳು ಅಕ್ಕ. ಕೇಳಿದವರು ಇದ್ದಾರಾ ಅಂತ ನಾನು ಹುಡುಕತೊಡಗಿದೆ. ಬ್ರಿಟನ್ನಿನ ಕೋರ್ಟುಗಳ ತೀರ್ಪುಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ತೀರ್ಪು ಇನ್ನೊಂದರ ಹೆಸರು ಹೇಳುತ್ತದೆ, ಅದು ಮತ್ತೊಂದರದ್ದು. ಹಾಗೆ ಓದುತ್ತಾ ಹೋದಾಗ ಸಿಕ್ಕಿದ್ದು ಇದು.

ಮೊದಲು ಕೌನ್ಸಿಲ್ ಅಂದರೇನು ಅಂತ ಒಂದು ಮಾತು. ನಮ್ಮ ನಗರಸಭೆಯನ್ನೂ ಜಿಲ್ಲಾ ಪಂಚಾಯಿತಿಯನ್ನೂ ಕಲೆಸಿ, ಅದಕ್ಕೆ ಶಿಕ್ಷಣ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ಸ್ವಲ್ಪ ಕೆಲಸ ಸೇರಿಸಿದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಎಷ್ಟೋ ಕಡೆ ಕಸ ಎತ್ತುವುದೂ ಅದೇ, ವಿಕಲಚೇತನ ಮಗುವಿನ ಮನೆಗೆ ಸಹಾಯಕರನ್ನು ಕಳಿಸುವುದೂ ಅದೇ. ಕೇಂದ್ರ ಸರ್ಕಾರದ ಅನುದಾನ, ಮನೆಗಳ ಮೇಲಿನ ತೆರಿಗೆ ಇತ್ಯಾದಿಗಳಿಂದ ಅದು ನಡೆಯುತ್ತದೆ. ಪ್ರತಿವರ್ಷ ಫೆಬ್ರವರಿ-ಮಾರ್ಚ್ ಹೊತ್ತಿಗೆ ಚುನಾಯಿತ ಸದಸ್ಯರು ಕೂತು ಬಜೆಟ್ಟಿಗೆ ಕೈ ಎತ್ತುತ್ತಾರೆ. ಏಪ್ರಿಲ್‌ನಲ್ಲಿ ಪತ್ರಗಳು ಮನೆಗೆ ಬರುತ್ತವೆ.

*

1971ರ ಏಪ್ರಿಲ್‌ವರೆಗೆ ಇಂಗ್ಲೆಂಡಿನಲ್ಲಿ ಒಂದು ವರ್ಗದ ಮಕ್ಕಳಿಗೆ ಶಾಲೆಯ ಹಕ್ಕೇ ಇರಲಿಲ್ಲ ಅಂದರೆ ನಂಬುತ್ತೀರಾ? ಬುದ್ಧಿ ತೀರಾ ಕಡಿಮೆ ಅಂತ ಅಳೆದ ಮಕ್ಕಳನ್ನು 'ಕಲಿಸಲಾಗದವರು' ಎಂದು ಬದಿಗಿಡುತ್ತಿದ್ದರು. ಅವರ ಜವಾಬ್ದಾರಿ ಶಿಕ್ಷಣದವರದಲ್ಲ, ಆರೋಗ್ಯದವರದ್ದು. 1970ರ ಒಂದು ಕಾಯ್ದೆ ಈ ವರ್ಗವನ್ನೇ ಅಳಿಸಿಹಾಕಿ, 1971ರ ಏಪ್ರಿಲ್ 1ರಿಂದ ಅಲ್ಲಿಯ ಎಲ್ಲ ಮಕ್ಕಳನ್ನೂ ಶಿಕ್ಷಣ ವ್ಯವಸ್ಥೆಯ ಒಳಗೆ ತಂದಿತು.

ಅದೇ 1970ರಲ್ಲಿ ಇನ್ನೊಂದು ಕಾಯ್ದೆಯೂ ಬಂತು. ಅದರ ಹಿಂದೆ ಇದ್ದವರು ಆಲ್ಫ್ ಮಾರಿಸ್, ಮ್ಯಾಂಚೆಸ್ಟರಿನ ಲೇಬರ್ ಪಕ್ಷದ ಸಂಸದ. ಅವರ ತಂದೆ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದವರು. ಬ್ರಿಟನ್ನಿನ ಸಂಸತ್ತಿನಲ್ಲಿ ಖಾಸಗಿ ಸದಸ್ಯರು ಮಸೂದೆ ತರಬೇಕಾದರೆ ಚೀಟಿ ಎತ್ತುತ್ತಾರೆ. 1969ರ ಕೊನೆಗೆ ಎತ್ತಿದ ಚೀಟಿಯಲ್ಲಿ ಮೊದಲ ಹೆಸರು ಮಾರಿಸ್ ಅವರದ್ದೇ ಬಂತು. ದೀರ್ಘಕಾಲದ ರೋಗಿಗಳು ಮತ್ತು ಅಂಗವಿಕಲರ ಕಾಯ್ದೆ 1970ರ ಮೇ 29ರಂದು ಅಂಕಿತ ಪಡೆಯಿತು. ಚುನಾವಣೆ ಘೋಷಣೆಯಾಗಿ ಸಂಸತ್ತು ಮುಚ್ಚುವ ಹೊತ್ತು ಅದು. ಸ್ವಲ್ಪ ತಡವಾಗಿದ್ದರೂ ಮಸೂದೆ ಬಿದ್ದುಹೋಗುತ್ತಿತ್ತು.

ಈ ಕಾಯ್ದೆಯ ಎರಡನೇ ಕಲಂ ಓದಿದರೆ ಒಬ್ಬ ಗೃಹಿಣಿಯ ಪಟ್ಟಿಯಂತೆ ಕಾಣುತ್ತದೆ. ಮನೆಯೊಳಗೆ ಕೈಸಹಾಯ, ರೇಡಿಯೋ, ಟೀವಿ, ಪುಸ್ತಕಗಳು, ಹೊರಗಿನ ಆಟಪಾಠ, ಹೋಗಿಬರಲು ವ್ಯವಸ್ಥೆ, ಮನೆಯಲ್ಲಿ ಬೇಕಾದ ಮಾರ್ಪಾಡು, ರಜೆಯ ಪ್ರವಾಸ, ಊಟ, ಟೆಲಿಫೋನು. ಕೊನೆಗೆ ತೂಕದ ಮಾತು: ಇವುಗಳಲ್ಲಿ ಯಾವುದಾದರೂ ಒಬ್ಬರಿಗೆ ಅಗತ್ಯವೆಂದು ಕೌನ್ಸಿಲ್ಲಿಗೆ ಮನವರಿಕೆಯಾದರೆ, ಅದನ್ನು ಒದಗಿಸುವುದು ಅದರ ಕರ್ತವ್ಯ. 'ತಕ್ಕದ್ದು' ಬಂದುಬಿಟ್ಟಿತು! ಮುಂದಿನ ಜಗಳವೆಲ್ಲ ಈ ವಾಕ್ಯದ ಸುತ್ತ. 'ಅಗತ್ಯ' ಅಂದರೇನು? ಅದನ್ನು ಅಳೆಯುವಾಗ ಖಜಾನೆಯ ಕಡೆ ನೋಡಬಹುದೇ?

*

ಕೌನ್ಸಿಲ್ ತಪ್ಪು ಮಾಡಿದರೆ ಕೋರ್ಟು ಏನು ಮಾಡಬಹುದು? ಇದರ ಉತ್ತರ ಒಂದು ಸಿನಿಮಾ ಮಂದಿರದ ಕೇಸಿನಲ್ಲಿದೆ. ಬರ್ಮಿಂಗ್‌ಹ್ಯಾಮ್ ಹತ್ತಿರದ ವೆಡ್ನೆಸ್‌ಬರಿ ಎಂಬ ಊರಿನ ಕೌನ್ಸಿಲ್, ಭಾನುವಾರ ಸಿನಿಮಾ ತೋರಿಸಲು ಅನುಮತಿ ಕೊಡುತ್ತಾ, 15 ವರ್ಷದೊಳಗಿನ ಮಕ್ಕಳನ್ನು ಬಿಡಕೂಡದು ಅಂತ ಷರತ್ತು ಹಾಕಿತು. ಚಿತ್ರಮಂದಿರದವರು ಕೋರ್ಟಿಗೆ ಹೋಗಿ 1947ರಲ್ಲಿ ಸೋತರು. ನ್ಯಾಯಮೂರ್ತಿ ಲಾರ್ಡ್ ಗ್ರೀನ್ ಹೇಳಿದ್ದರ ಸಾರ ಇಷ್ಟು: ಕೌನ್ಸಿಲ್ಲಿನ ಜಾಗದಲ್ಲಿ ಕೂತು ತೀರ್ಮಾನ ಮಾಡುವುದು ಕೋರ್ಟಿನ ಕೆಲಸವಲ್ಲ. ನೋಡಬೇಕಾದ್ದನ್ನು ನೋಡದೆ ಬಿಟ್ಟಿದ್ದರೆ, ನೋಡಬಾರದ್ದನ್ನು ನೋಡಿದ್ದರೆ, ಅಥವಾ ತಲೆ ನೆಟ್ಟಗಿರುವ ಯಾರೂ ಮಾಡದಂಥ ತೀರ್ಮಾನ ಮಾಡಿದ್ದರೆ ಮಾತ್ರ ಕೋರ್ಟು ಕೈಹಾಕುತ್ತದೆ. ಕೂದಲು ಕೆಂಪಗಿದೆ ಅಂತ ಮೇಷ್ಟ್ರನ್ನು ಕೆಲಸದಿಂದ ತೆಗೆಯುವುದನ್ನು ಅವರು ಉದಾಹರಣೆಯಾಗಿ ಎತ್ತಿಕೊಂಡರು. ನಮ್ಮ ಸುಪ್ರೀಂ ಕೋರ್ಟಿನ ಎಷ್ಟೋ ತೀರ್ಪುಗಳಲ್ಲಿ ಇವತ್ತಿಗೂ ವೆಡ್ನೆಸ್‌ಬರಿ ಅಂತ ಬರುತ್ತದಲ್ಲ, ಅದು ಇದೇ ಊರು.

ಅಂದರೆ ಮಗುವಿಗೆ 20 ಗಂಟೆ ಬೇಕೋ 10 ಗಂಟೆ ಬೇಕೋ ಅಂತ ಈ ಬಗೆಯ ಕೇಸಿನಲ್ಲಿ ಸಾಮಾನ್ಯವಾಗಿ ಕೋರ್ಟು ಹೇಳುವುದಿಲ್ಲ. 10 ಅಂತ ನೀನು ಹೇಗೆ ಲೆಕ್ಕ ಹಾಕಿದೆ, ಆ ದಾರಿ ಸರಿಯೋ ತಪ್ಪೋ ಅಂತ ಮಾತ್ರ ಕೇಳುತ್ತದೆ. ದಾರಿ ತಪ್ಪಿದ್ದರೆ ತೀರ್ಮಾನವನ್ನು ರದ್ದು ಮಾಡಿ, ಮತ್ತೆ ಸರಿಯಾಗಿ ಯೋಚಿಸಿ ಬಾ ಅನ್ನುತ್ತದೆ. ಹೋದವರು ಇನ್ನೊಂದು ದಾರಿಯಲ್ಲಿ ಅದೇ 10ಕ್ಕೆ ಬಂದು ನಿಲ್ಲಬಹುದು. ಇದನ್ನು ಮರೆಯದೆ ಮುಂದೆ ಓದಿ.

*

ಖಜಾನೆಯ ಪ್ರಶ್ನೆ ಮೊದಲು ದೊಡ್ಡದಾಗಿ ಎದ್ದದ್ದು ಮಗುವಿನ ಕೇಸಿನಲ್ಲಲ್ಲ, ಎಂಬತ್ತರ ಹತ್ತಿರದ ಒಬ್ಬ ವೃದ್ಧರ ಕೇಸಿನಲ್ಲಿ. 1994ರಲ್ಲಿ ಗ್ಲೌಸೆಸ್ಟರ್‌ಶೈರ್ ಕೌನ್ಸಿಲ್ ಅವರಿಗೆ ಪತ್ರ ಬರೆಯಿತು: ಕೇಂದ್ರದಿಂದ ಬರುವ ಹಣ ಕಡಿಮೆಯಾಗಿದೆ, ಆದ್ದರಿಂದ ಮನೆ ಗುಡಿಸುವ, ಬಟ್ಟೆ ಒಗೆಯುವ ಸಹಾಯ ಇನ್ನಿಲ್ಲ. ಅವರ ಆರೋಗ್ಯವೇನೂ ಸುಧಾರಿಸಿರಲಿಲ್ಲ. ಬದಲಾಗಿದ್ದು ಕೌನ್ಸಿಲ್ಲಿನ ಜೇಬು ಮಾತ್ರ. ಆಗ ದೇಶದ ಕೊನೆಯ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 1997ರ ಮಾರ್ಚ್‌ನಲ್ಲಿ 3-2ರಿಂದ ಕೌನ್ಸಿಲ್ ಪರ ತೀರ್ಪು ಕೊಟ್ಟಿತು. ಅಗತ್ಯ ಅನ್ನುವುದನ್ನು ಗಾಳಿಯಲ್ಲಿ ಅಳೆಯಲು ಬರುವುದಿಲ್ಲ, ಅಳೆಯುವಾಗ ಕೈಯಲ್ಲಿರುವ ಹಣವನ್ನೂ ನೋಡಬಹುದು ಎಂಬುದು ಬಹುಮತದ ನಿಲುವು. ಒಮ್ಮೆ ಅಗತ್ಯ ಅಂತ ಒಪ್ಪಿದ ಮೇಲೆ ಮಾತ್ರ ದುಡ್ಡಿಲ್ಲ ಎನ್ನುವಂತಿಲ್ಲ. ವಿರೋಧಿಸಿದ ಇಬ್ಬರು ಲಾರ್ಡ್ ಲಾಯ್ಡ್ ಮತ್ತು ಲಾರ್ಡ್ ಸ್ಟೇನ್.

ಮುಂದಿನ ವರ್ಷವೇ ಒಬ್ಬ ಹುಡುಗಿ ಅದೇ ಬಾಗಿಲು ತಟ್ಟಿದಳು. ಈಸ್ಟ್ ಸಸೆಕ್ಸ್‌ನ ಆ ಹುಡುಗಿಗೆ ಏಳನೇ ವಯಸ್ಸಿನಿಂದ ಎಂ.ಇ. ಎಂಬ ಕಾಯಿಲೆ. ವಿಪರೀತ ಸುಸ್ತು, ಶಾಲೆಗೆ ಹೋಗಿ ಕೂರುವುದು ಹೆಚ್ಚಿನ ದಿನ ಆಗದ ಮಾತು. ಕೌನ್ಸಿಲ್ ವಾರಕ್ಕೆ 5 ಗಂಟೆ ಮನೆಪಾಠ ಕೊಡುತ್ತಿತ್ತು. 1996ರಲ್ಲಿ ಅದನ್ನು 3 ಗಂಟೆಗೆ ಇಳಿಸಿತು. ಕಾರಣ ಹಣ. ಹುಡುಗಿ ಹೈಕೋರ್ಟಿನಲ್ಲಿ ಗೆದ್ದಳು, ಮೇಲ್ಮನವಿಯಲ್ಲಿ ಸೋತಳು. ಆದರೆ 1998ರ ಮೇ 20ರಂದು ಹೌಸ್ ಆಫ್ ಲಾರ್ಡ್ಸ್‌ನ ಐವರೂ ಒಂದೇ ದನಿಯಲ್ಲಿ ಅವಳ ಪರ ನಿಂತರು.

ಲಾರ್ಡ್ ಬ್ರೌನ್-ವಿಲ್ಕಿನ್‌ಸನ್ ಬರೆದ ಈ ತೀರ್ಪು ನನಗೆ ತುಂಬ ಹಿಡಿಸಿತು, ಯಾಕೆಂದರೆ ಅದರ ತರ್ಕ ನಮ್ಮ ಮನೆಯ ಹಿರಿಯರ ತರ್ಕದ ಹಾಗಿದೆ. ಮಗುವಿನ ವಯಸ್ಸಿಗೆ, ಸಾಮರ್ಥ್ಯಕ್ಕೆ, ವಿಶೇಷ ಅಗತ್ಯಕ್ಕೆ ತಕ್ಕ ಶಿಕ್ಷಣ ಕೊಡಬೇಕು ಎನ್ನುತ್ತದೆ ಕಾಯ್ದೆ. ಈ ಅಳತೆಗಳೆಲ್ಲ ಮಗುವಿನಲ್ಲಿವೆ, ಕೌನ್ಸಿಲ್ಲಿನ ಜೇಬಿನಲ್ಲಿಲ್ಲ. ಕೌನ್ಸಿಲ್ಲಿನ ಬಳಿ ಹಣವೇ ಇಲ್ಲ ಅಂತಲ್ಲ, ಅದನ್ನು ಬೇರೆ ಕಡೆ ಖರ್ಚು ಮಾಡಲು ಅದಕ್ಕೆ ಇಷ್ಟ. ಮಾಡಲೇಬೇಕಾದ್ದಕ್ಕೆ ಕಡಿಮೆ ಬಿದ್ದರೆ, ಮಾಡಬಹುದಾದ್ದರಿಂದ ತೆಗೆದುಕೊಳ್ಳಲಿ. ಇಲ್ಲವಾದರೆ ಸಂಸತ್ತು ಹೇರಿದ ಕರ್ತವ್ಯವನ್ನು ಕೋರ್ಟೇ ಬರೀ ಐಚ್ಛಿಕ ಅಧಿಕಾರವಾಗಿ ಇಳಿಸಿದಂತಾಗುತ್ತದೆ. ಖರ್ಚು ಕಡಿಮೆ ಮಾಡಬೇಕೆಂದು ಸಂಸತ್ತಿಗೆ ಅನ್ನಿಸಿದರೆ ಅದೇ ಕಾಯ್ದೆ ಬದಲಿಸಲಿ. ಬಾಡಿಗೆ, ಅಕ್ಕಿ, ಶಾಲೆ ಫೀಸು ಆದಮೇಲೆ ಮಿಕ್ಕಿದ್ದರಲ್ಲಿ ಸಿನಿಮಾ ಅಂತ ನಮ್ಮ ಅಜ್ಜಿಯಂದಿರು ಹೇಳುತ್ತಿರಲಿಲ್ಲವೇ?

ಎರಡು ಗಂಟೆ ಮನೆಪಾಠಕ್ಕೆ ಇಷ್ಟು ದೊಡ್ಡ ಕೋರ್ಟೇ ಅಂತ ಅನ್ನಿಸಬಹುದು. ಹಾಸಿಗೆಯಲ್ಲಿರುವ ಹುಡುಗಿಗೆ ಆ ಐದು ಗಂಟೆಯೇ ಶಾಲೆ. ಅದರಲ್ಲಿ ಎರಡು ಹೋದರೆ ವಾರದ ಶಾಲೆಯ ಶೇಕಡಾ 40 ಹೋದಂತೆ.

*

ಈ ಗೆಲುವು ಎಲ್ಲ ಕಡೆ ಹರಡಲಿಲ್ಲ. ಮಕ್ಕಳ ಕಾಯ್ದೆ 1989ರ 17ನೇ ಕಲಂ, ಅಗತ್ಯದಲ್ಲಿರುವ ಮಕ್ಕಳ ಕ್ಷೇಮ ನೋಡಿಕೊಳ್ಳುವುದು ಕೌನ್ಸಿಲ್ಲಿನ 'ಸಾಮಾನ್ಯ ಕರ್ತವ್ಯ' ಎನ್ನುತ್ತದೆ. ವಿಕಲಚೇತನ ಮಗು ಅಂದಮೇಲೆ ಅಗತ್ಯದಲ್ಲಿರುವ ಮಗು ಅಂತ ಕಾಯ್ದೆಯೇ ಹೇಳಿದೆ. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಮೂವರು ಮಕ್ಕಳ ಒಬ್ಬ ತಾಯಿ. ಇಬ್ಬರಿಗೆ ಆಟಿಸಂ, ಒಂದು ಕ್ಷಣವೂ ಕಣ್ಣು ತೆಗೆಯುವಂತಿಲ್ಲ. ಇದ್ದ ಮನೆ ತೇವ ಹಿಡಿದದ್ದು, ಆಡಲು ಹೊರಗೆ ಜಾಗವಿಲ್ಲ. ಈ ಕುಟುಂಬಕ್ಕೆ ಬೇರೆ ಮನೆ ಬೇಕು ಅಂತ ಕೌನ್ಸಿಲ್ಲಿನದೇ ವರದಿ ಹೇಳಿತ್ತು. ಆದರೂ ಮನೆ ಸಿಗಲಿಲ್ಲ. 2003ರಲ್ಲಿ ಹೌಸ್ ಆಫ್ ಲಾರ್ಡ್ಸ್ 3-2ರಿಂದ ಹೇಳಿತು: ಇದು ಊರಿನ ಎಲ್ಲ ಮಕ್ಕಳ ಕುರಿತ ಒಟ್ಟಾರೆ ಗುರಿ, ಒಂದು ಮಗು ಬಂದು ನನಗೆ ಕೊಡು ಅಂತ ಹಿಡಿದು ಕೇಳುವ ಹಕ್ಕಲ್ಲ. ಹೀಗೆ 'ತಕ್ಕದ್ದು' ಎಂಬ ಪದ ಕಾಗದದ ಮೇಲೆ ಹಾಗೇ ಉಳಿದು, ಒಳಗಿನ ತಿರುಳು ತೆಳುವಾಯಿತು.

2005ರ ವಾಂಡ್ಸ್‌ವರ್ತ್ ಪ್ರಕರಣವೂ ಹೀಗೇ. ತೀವ್ರ ವೈಕಲ್ಯದ ಇಬ್ಬರು ಗಂಡುಮಕ್ಕಳಿಗಾಗಿ ಮನೆಯಲ್ಲಿ ಮಾರ್ಪಾಡು ಮಾಡಬೇಕಿತ್ತು. ತಂದೆತಾಯಿಗೆ ಹಣದ ಅನುಕೂಲವಿದೆಯೇ ಅಂತ ನೋಡಿದ ಮೇಲೆ ತೀರ್ಮಾನಿಸಬಹುದು ಎಂದಿತು ಮೇಲ್ಮನವಿ ಕೋರ್ಟು. ಇದನ್ನು ಅನ್ಯಾಯ ಅಂತ ನಾನು ಹೇಳಲಾರೆ. ಅನುಕೂಲಸ್ಥರು ತಮ್ಮ ಮನೆಯ ಖರ್ಚು ತಾವು ನೋಡಿಕೊಳ್ಳಲಿ ಎನ್ನುವುದರಲ್ಲಿ ಅರ್ಥವಿದೆ. ಆದರೆ ಅಗತ್ಯ ಎಂಬ ಪದದೊಳಗೆ ಮಗುವಿನ ಜೊತೆ ಈಗ ಕೌನ್ಸಿಲ್ಲಿನ ಹಣವೂ ಬಂದಿತ್ತು, ಅಪ್ಪನ ಸಂಬಳವೂ ಬಂದಿತ್ತು.

ಹಾಗಾದರೆ ಕೌನ್ಸಿಲ್ ಏನು ಬೇಕಾದರೂ ಮಾಡಬಹುದೇ? ಇಲ್ಲ ಅಂದದ್ದು 2009ರ ಇಸ್ಲಿಂಗ್ಟನ್ ತೀರ್ಪು. ಜೆ.ಎಲ್. ಎಂಬ ಅಕ್ಷರಗಳಿಂದ ಮಾತ್ರ ನಮಗೆ ಗೊತ್ತಿರುವ ಆಟಿಸಂ ಇದ್ದ ಹುಡುಗ. ಅವನಂಥ ಮಕ್ಕಳ ತಂದೆತಾಯಿಗೆ ಸ್ವಲ್ಪ ಬಿಡುವು ಸಿಗಲಿ ಅಂತ ಕೌನ್ಸಿಲ್ ಕೆಲವು ಗಂಟೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಮಾಡುತ್ತದೆ. ಅಲ್ಲಿ ಇದನ್ನು 'ಶಾರ್ಟ್ ಬ್ರೇಕ್' ಎನ್ನುತ್ತಾರೆ. ಇಸ್ಲಿಂಗ್ಟನ್‌ನವರು ಇದಕ್ಕೆ ಅಂಕ ಹಾಕುವ ಒಂದು ಕೋಷ್ಟಕ ಮಾಡಿದ್ದರು. ಇಷ್ಟು ಅಂಕಕ್ಕೆ ಇಷ್ಟು ಗಂಟೆ, ಎಷ್ಟೇ ಅಂಕ ಬಂದರೂ ವಾರಕ್ಕೆ 12 ಗಂಟೆಯೇ ಮಿತಿ. ನ್ಯಾಯಮೂರ್ತಿ ಬ್ಲ್ಯಾಕ್ ಇದನ್ನು ಒಪ್ಪಲಿಲ್ಲ. ಮೊದಲು ಮಗುವಿನ ಅಗತ್ಯ ಏನು ಅಂತ ನೋಡಿ, ಆಮೇಲೆ ಕೊಡುವುದನ್ನು ತೀರ್ಮಾನಿಸಬೇಕು. ಮೊದಲೇ ಹೊಲಿದಿಟ್ಟ ಅಂಗಿಯೊಳಗೆ ಮಗುವನ್ನು ತುರುಕುವಂತಿಲ್ಲ. ಜೊತೆಗೆ ವಿಕಲಚೇತನರ ಸಮಾನತೆಯ ಬಗ್ಗೆ ಕಾಯ್ದೆ ಹೇರಿದ್ದ ಕರ್ತವ್ಯವನ್ನೂ ಕೌನ್ಸಿಲ್ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈ ಎರಡನೆಯ ಮಾತು ಮುಂದಿನ ದಶಕದಲ್ಲಿ ದೊಡ್ಡದಾಯಿತು.

*

2010ರ ನಂತರ ಬ್ರಿಟನ್ನಿನಲ್ಲಿ ಸರ್ಕಾರಿ ಖರ್ಚಿಗೆ ಕತ್ತರಿ ಬಿತ್ತು. ಕೌನ್ಸಿಲ್ಲುಗಳಿಗೆ ಬರುವ ಅನುದಾನ ವರ್ಷದಿಂದ ವರ್ಷಕ್ಕೆ ಇಳಿಯಿತು. ಅದೇ ಹೊತ್ತಿಗೆ ಕಾಗದದ ಮೇಲೆ ಕರ್ತವ್ಯಗಳು ಹೆಚ್ಚಿದವು! 2011ರ ಏಪ್ರಿಲ್‌ನಿಂದ ವಿಕಲಚೇತನ ಮಕ್ಕಳನ್ನು ನೋಡಿಕೊಳ್ಳುವವರಿಗೆ ಬಿಡುವಿನ ಸೇವೆಗಳನ್ನು ಒದಗಿಸುವ ನಿಯಮಗಳು ಬಂದವು. ಹಗಲಿನ ಆರೈಕೆ, ರಾತ್ರಿಯ ಆರೈಕೆ, ರಜಾದಿನದ ಚಟುವಟಿಕೆ, ತುರ್ತಿನಲ್ಲಿ ಸಹಾಯ, ಎಲ್ಲವೂ ಅದರಲ್ಲಿವೆ. 2014ರಲ್ಲಿ ಮಕ್ಕಳು ಮತ್ತು ಕುಟುಂಬಗಳ ಕಾಯ್ದೆ ಬಂತು. ಅದರಂತೆ ಶಿಕ್ಷಣ, ಆರೋಗ್ಯ, ಆರೈಕೆ ಮೂರನ್ನೂ ಸೇರಿಸಿ ಮಗುವಿಗೊಂದು 'ಯೋಜನೆ' ಬರೆದುಕೊಡುತ್ತಾರೆ. ಯೋಜನೆಯಲ್ಲಿ ಬರೆದ ವಿಶೇಷ ಶಿಕ್ಷಣವನ್ನು ಕೊಡಲೇಬೇಕು. 2025ರ ಜನವರಿಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇಂಥ ಯೋಜನೆ ಇದ್ದ ಮಕ್ಕಳು ಮತ್ತು ಯುವಕರ ಸಂಖ್ಯೆ 6 ಲಕ್ಷ 38 ಸಾವಿರ ದಾಟಿತ್ತು.

ಒಂದು ಕೈಯಲ್ಲಿ ಕರ್ತವ್ಯ ಬರೆದು ಇನ್ನೊಂದು ಕೈಯಲ್ಲಿ ಹಣ ಕಿತ್ತುಕೊಂಡರೆ ಏನಾಗಬೇಕೋ ಅದೇ ಆಯಿತು. ಕೇಸುಗಳ ಸ್ವರೂಪ ಬದಲಾಯಿತು. ಹಿಂದೆ ಒಂದು ಮಗು ತನ್ನ ಗಂಟೆಗಳಿಗಾಗಿ ಹೋರಾಡುತ್ತಿತ್ತು. ಈಗ ಕೆಲವು ಮಕ್ಕಳು ಸೇರಿ ಊರಿನ ಇಡೀ ಬಜೆಟ್ಟನ್ನೇ ಪ್ರಶ್ನಿಸತೊಡಗಿದರು. ಇದಕ್ಕೆ ಎರಡು ಆಯುಧಗಳಿದ್ದವು. ಒಂದು, 2010ರ ಸಮಾನತೆ ಕಾಯ್ದೆ: ತೀರ್ಮಾನ ಮಾಡುವ ಮುಂಚೆ ವಿಕಲಚೇತನರ ಮೇಲಾಗುವ ಪರಿಣಾಮವನ್ನು ನಿಜವಾಗಿ ಗಮನಿಸಬೇಕು. ಎರಡು, ಜನರನ್ನು ಕೇಳುವ ನಿಯಮ. 1985ರಲ್ಲಿ ಲಂಡನ್ನಿನ ಬ್ರೆಂಟ್‌ನ ಶಾಲೆಗಳನ್ನು ಮುಚ್ಚುವ ಜಗಳದಲ್ಲಿ ಸ್ಟೀಫನ್ ಸೆಡ್ಲಿ ಎಂಬ ವಕೀಲರು ನಾಲ್ಕು ಅಂಶ ಮಂಡಿಸಿದ್ದರು. ಮನಸ್ಸು ಗಟ್ಟಿ ಮಾಡಿಕೊಳ್ಳುವ ಮುಂಚೆಯೇ ಕೇಳಬೇಕು, ಕಾರಣಗಳನ್ನು ಸಾಕಷ್ಟು ತಿಳಿಸಬೇಕು, ಉತ್ತರಿಸಲು ಸಮಯ ಕೊಡಬೇಕು, ಬಂದ ಉತ್ತರವನ್ನು ಪ್ರಾಮಾಣಿಕವಾಗಿ ಪರಿಗಣಿಸಬೇಕು. ಕೋರ್ಟು ಒಪ್ಪಿದ ಈ ನಾಲ್ಕು ಮಾತು ಇವತ್ತಿಗೂ ನಡೆಯುತ್ತಿವೆ. (ನಮ್ಮಲ್ಲಿ 'ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸಬಹುದು' ಅಂತ ಪತ್ರಿಕೆಯ ಮೂಲೆಯಲ್ಲಿ ಬರುವ ಪ್ರಕಟಣೆ ನೆನಪಾಯಿತೇ?)

ನಾರ್ತ್ ಸಾಮರ್‌ಸೆಟ್ ಪ್ರಕರಣ ನೋಡಿ. 2012ರ ಫೆಬ್ರವರಿಯಲ್ಲಿ ಆ ಕೌನ್ಸಿಲ್ ಯುವಜನ ಸೇವೆಗಳ ಬಜೆಟ್ ಕತ್ತರಿಸಿತು. ಕಲಿಕೆಯ ತೊಂದರೆ ಇದ್ದ ಒಬ್ಬ ಹುಡುಗ ಕೋರ್ಟಿಗೆ ಹೋದ. ಮೇಲ್ಮನವಿ ಕೋರ್ಟು 2013ರಲ್ಲಿ ಒಪ್ಪಿತು: ಕೌನ್ಸಿಲ್ ಕಾಯ್ದೆ ಮುರಿದಿದೆ. ಆದರೆ ಏನು ಮಾಡುವುದು, ಆ ಹಣಕಾಸು ವರ್ಷ ಮುಗಿದುಹೋಗಿದೆ, ಈಗ ರದ್ದು ಮಾಡಲಾಗದು. ಸಾಲದ್ದಕ್ಕೆ ಕೌನ್ಸಿಲ್ಲಿನ ಕೋರ್ಟು ಖರ್ಚಿನಲ್ಲಿ ಅರ್ಧವನ್ನು ಹುಡುಗನ ಕಡೆಯವರೇ ಕೊಡಬೇಕು! ಖರ್ಚಿನ ಈ ಆದೇಶ ತಪ್ಪು ಅಂತ ಅಲ್ಲಿಯ ಸುಪ್ರೀಂ ಕೋರ್ಟು 2015ರಲ್ಲಿ ಸರಿಪಡಿಸಿತು. ಸೇವೆ ಮಾತ್ರ ವಾಪಸ್ಸು ಬರಲಿಲ್ಲ. ಕೋರ್ಟಿನ ಗಡಿಯಾರ ಬೇರೆ, ಬೆಳೆಯುವ ಹುಡುಗನ ಗಡಿಯಾರ ಬೇರೆ.

2016ರ ವೆಸ್ಟ್ ಬರ್ಕ್‌ಶೈರ್ ಪ್ರಕರಣದಲ್ಲಿ ಬಿಡುವಿನ ಸೇವೆ ನಡೆಸುವ ಸ್ವಯಂಸೇವಾ ಸಂಸ್ಥೆಗಳ ಹಣಕ್ಕೆ ಕತ್ತರಿ ಬಿದ್ದಿತ್ತು. ಕೈ ಎತ್ತಿದ ಸದಸ್ಯರಿಗೆ, ಕಾಯ್ದೆ ಏನನ್ನು ಪರಿಗಣಿಸಲು ಹೇಳುತ್ತದೆ ಅನ್ನುವುದನ್ನೇ ಅಧಿಕಾರಿಗಳ ವರದಿ ಸರಿಯಾಗಿ ತಿಳಿಸಿರಲಿಲ್ಲ. ತೀರ್ಮಾನ ಕಾನೂನುಬಾಹಿರ ಎಂದರು ನ್ಯಾಯಮೂರ್ತಿ ಎಲಿಸಬೆತ್ ಲೇಂಗ್. 2018ರ ಆಗಸ್ಟ್‌ನಲ್ಲಿ ಬ್ರಿಸ್ಟಲ್ ಕೌನ್ಸಿಲ್ಲಿಗೂ ಅದೇ ಗತಿ. ವಿಶೇಷ ಅಗತ್ಯದ ಮಕ್ಕಳ ಶಿಕ್ಷಣಕ್ಕಿದ್ದ ಹಣದಲ್ಲಿ ಸುಮಾರು 50 ಲಕ್ಷ ಪೌಂಡ್ ಕಡಿತ ಮಾಡುವಾಗ ಹೆತ್ತವರನ್ನು ಕೇಳಿರಲಿಲ್ಲ, ಮಕ್ಕಳ ಮೇಲಿನ ಪರಿಣಾಮ ನೋಡಿರಲಿಲ್ಲ. ಕಡಿತ ರದ್ದಾಯಿತು. ಈ ಸುದ್ದಿ ಓದಿ ದೇಶದ ಎಷ್ಟೋ ಮನೆಗಳಲ್ಲಿ ಆಸೆ ಹುಟ್ಟಿರಬೇಕು.

ಆಸೆ ಹೆಚ್ಚು ದಿನ ಉಳಿಯಲಿಲ್ಲ. 2019ರ ಮಾರ್ಚ್‌ನಲ್ಲಿ ಸರ್ರೆ ಕೌನ್ಸಿಲ್ ಗೆದ್ದಿತು. ಅವರ ಬಜೆಟ್ಟಿನಲ್ಲಿದ್ದ 2 ಕೋಟಿ 10 ಲಕ್ಷ ಪೌಂಡ್ ಉಳಿತಾಯ ಇನ್ನೂ 'ಸಾಧ್ಯತೆ' ಮಾತ್ರ, ಅಂತಿಮ ಕಡಿತವಲ್ಲ ಎಂದಿತು ಕೋರ್ಟು. ಅದೇ ವರ್ಷ ಹ್ಯಾಕ್ನಿ ಕೌನ್ಸಿಲ್ ಶಾಲೆಗಳಿಗೆ ಕೊಡುವ ಹೆಚ್ಚುವರಿ ಹಣದಲ್ಲಿ ಶೇಕಡಾ 5 ಇಳಿಸಿದ್ದು ಸರಿ ಅನ್ನಿಸಿಕೊಂಡಿತು, 2020ರಲ್ಲಿ ಮೇಲ್ಮನವಿಯಲ್ಲೂ. ಕೌನ್ಸಿಲ್ಲುಗಳನ್ನು ಹಿಡಿದು ಫಲವಿಲ್ಲ, ಮೂಲಕ್ಕೇ ಹೋಗೋಣ ಅಂತ ಕೆಲವು ಮಕ್ಕಳು ಕೇಂದ್ರ ಸರ್ಕಾರ ಕೊಡುವ ಹಣವನ್ನೇ ಪ್ರಶ್ನಿಸಿದರು. ಅದೂ 2019ರ ಅಕ್ಟೋಬರ್‌ನಲ್ಲಿ ವಜಾ ಆಯಿತು. ಕೌನ್ಸಿಲ್ 'ನಮಗೆ ಮೇಲಿನಿಂದ ಹಣ ಬರುತ್ತಿಲ್ಲ' ಎನ್ನುತ್ತದೆ. ಮೇಲಿನವರು 'ಕರ್ತವ್ಯ ಕೌನ್ಸಿಲ್ಲಿನದು' ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಅದೇ ತೊಂದರೆ.

*

ಈ ತೀರ್ಪುಗಳನ್ನು ಓದುವಾಗ ನನ್ನನ್ನು ಕಾಡಿದ್ದು ಆ ಅಕ್ಷರಗಳು. ಜೆ.ಎಲ್., ಕೆ.ಇ., ಎ.ಡಿ... ಮಕ್ಕಳ ಹೆಸರು ಹೊರಗೆ ಬರಬಾರದು ಅಂತ ಬರೀ ಅಕ್ಷರ ಹಾಕುತ್ತಾರೆ, ಅದು ಒಳ್ಳೆಯದೇ. ಕೇಸು ಮಗುವಿನ ಹೆಸರಿನಲ್ಲೇ ನಡೆಯುತ್ತದೆ, ಅಮ್ಮನೋ ಅಪ್ಪನೋ ಅದರ ಪರ ನಿಲ್ಲುತ್ತಾರೆ. ತೀರ್ಮಾನ ಆದ ಕೂಡಲೇ, ಹೆಚ್ಚೆಂದರೆ ಮೂರು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು. ರಾತ್ರಿ ನಾಲ್ಕು ಸಲ ಏಳುವ ಮಗು ಇರುವ ಮನೆಯಲ್ಲಿ ಮೂರು ತಿಂಗಳು ಎಷ್ಟು ಬೇಗ ಹೋಗುತ್ತದೆ ಅಂತ ಇಂಥ ಮನೆ ನೋಡಿದವರಿಗೆ ಗೊತ್ತು. 2018-19ರ ಕೆಲವು ಮೊಕದ್ದಮೆಗಳಿಗೆ ಹೆತ್ತವರು ಅಂತರ್ಜಾಲದಲ್ಲಿ ಚಂದಾ ಎತ್ತಿದರು. ಕೋರ್ಟಿಗೆ ಹೋದ ಪ್ರತಿಯೊಬ್ಬರ ಹಿಂದೆ, ಪತ್ರವನ್ನು ಮಡಚಿ ಫೈಲಿಗೆ ಸೇರಿಸಿ ಸುಮ್ಮನಾದವರು ಎಷ್ಟು ಜನವೋ.

ಇನ್ನೊಂದು ಬದಿಯ ವಾದವನ್ನೂ ಹೇಳಬೇಕು. ನ್ಯಾಯಾಧೀಶರನ್ನು ಯಾರೂ ಆರಿಸಿಲ್ಲ, ಕೌನ್ಸಿಲ್ಲರನ್ನು ಜನ ಆರಿಸಿದ್ದಾರೆ. ಒಂದು ಮಗುವಿಗೆ ಗಂಟೆ ಹೆಚ್ಚಿಸಿದರೆ, ಕೋರ್ಟಿಗೆ ಬಾರದ ಇನ್ನೊಂದು ಮಗುವಿನ ಗಂಟೆ ಕಡಿಮೆಯಾಗಬಹುದು. ಸರಿಯಾದ ಮಾತು. ಅದಕ್ಕೇ ಕೋರ್ಟುಗಳು ಹಣ ಹಂಚುವ ಕೆಲಸಕ್ಕೆ ಕೈಹಾಕಲು ಹಿಂಜರಿಯುತ್ತವೆ. ಆದರೆ 'ತಕ್ಕದ್ದು' ಅಂತ ಬರೆದವರೂ ಜನ ಆರಿಸಿದವರೇ ಅಲ್ಲವೇ? ಬರೆಯುವಾಗ ಚಪ್ಪಾಳೆ ತೆಗೆದುಕೊಂಡು, ಕೊಡುವಾಗ 'ಬಹುದು' ಅಂತ ಓದಿದರೆ, ಯಾರೂ ಚರ್ಚಿಸದೆ, ಯಾರೂ ಮತ ಹಾಕದೆ ಕಾಯ್ದೆ ಬದಲಾದಂತೆ. ಕೊಡಲು ಆಗುವುದಿಲ್ಲ ಅಂತಾದರೆ ಸಂಸತ್ತಿನಲ್ಲಿ ಎದ್ದು ನಿಂತು ಹಾಗಂತ ಹೇಳಲಿ. 1998ರಲ್ಲಿ ಈಸ್ಟ್ ಸಸೆಕ್ಸ್ ಹುಡುಗಿಯ ಕೇಸಿನಲ್ಲಿ ಲಾರ್ಡುಗಳು ಹೇಳಿದ್ದೂ ಇದನ್ನೇ, ನನಗೂ ಇದೇ ಸರಿ ಅನ್ನಿಸುತ್ತದೆ.

ನಮ್ಮಲ್ಲೂ ಈ ಪ್ರಶ್ನೆ ಬಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಕಟ್ಟಡಗಳೂ ಸಾರಿಗೆಯೂ ಎಲ್ಲರಿಗೂ ಎಟುಕುವಂತಿರತಕ್ಕದ್ದು ಎನ್ನುತ್ತದೆ. ಅದರ ಕೆಳಗೆ ಮಾಡಿದ 2017ರ ನಿಯಮಗಳಲ್ಲಿ 15ನೆಯದು ಹೊರಿಸಿದ ಮಾರ್ಗಸೂಚಿಗಳು ಮಾತ್ರ ಬರೀ ಸಲಹೆಯ ಧಾಟಿಯಲ್ಲಿದ್ದವು. ದೃಷ್ಟಿದೋಷವಿರುವ ಒಬ್ಬರು 2005ರಲ್ಲಿ ಹಾಕಿದ್ದ ಅರ್ಜಿಯಲ್ಲಿ, 2024ರ ನವೆಂಬರ್ 8ರಂದು ನಮ್ಮ ಸುಪ್ರೀಂ ಕೋರ್ಟು ಈ ನಿಯಮ ಕಾಯ್ದೆಗೇ ವಿರುದ್ಧ ಎಂದಿತು, ಮೂರು ತಿಂಗಳಲ್ಲಿ ಕಡ್ಡಾಯ ನಿಯಮಗಳನ್ನು ಮಾಡಲು ಕೇಂದ್ರಕ್ಕೆ ಹೇಳಿತು. 'ತಕ್ಕದ್ದು' ಅಂತ ಬರೆದ ಮನೆಯೊಳಗೆ ಹಿಂಬಾಗಿಲಿನಿಂದ 'ಬಹುದು' ನುಗ್ಗಿತ್ತು, ಅಷ್ಟೇ.

ಕೊನೆಗೊಂದು ವಿಚಿತ್ರ. ಆಲ್ಫ್ ಮಾರಿಸ್ ಅವರ 1970ರ ಎರಡನೇ ಕಲಂ, ಇಂಗ್ಲೆಂಡಿನ ವಯಸ್ಕರ ಮಟ್ಟಿಗೆ 2015ರಲ್ಲಿ ಮುಗಿಯಿತು, ಅವರಿಗೆ ಹೊಸ ಕಾಯ್ದೆ ಬಂತು. ವೇಲ್ಸ್‌ನಲ್ಲೂ ಹೊಸ ವ್ಯವಸ್ಥೆ. ಇಂಗ್ಲೆಂಡಿನಲ್ಲಿ ಅದು ಉಳಿದದ್ದು ವಿಕಲಚೇತನ ಮಕ್ಕಳಿಗೆ ಮಾತ್ರ. ರೇಡಿಯೋ, ಟೆಲಿಫೋನು ಅಂತ ಹಳೆಯ ಪಟ್ಟಿ ಹೊತ್ತ ಆ ಕಲಂ ಹಿಡಿದುಕೊಂಡೇ ಅವರು ಇಂದಿಗೂ ಕೌನ್ಸಿಲ್ಲಿನ ಎದುರು ನಿಲ್ಲುತ್ತಾರೆ. ಚೀಟಿ ಎತ್ತುವಾಗ ಬೇರೆ ಹೆಸರು ಬಂದಿದ್ದರೆ ಅದೂ ಇರುತ್ತಿರಲಿಲ್ಲವೇನೋ.

ಇದನ್ನೆಲ್ಲ ಓದಿದ ಮೇಲೆ ಸರ್ಕಾರಿ ಕನ್ನಡದ 'ತಕ್ಕದ್ದು' ಕಂಡರೆ ನನಗೆ ನಗು ಬರುವುದಿಲ್ಲ. ನಿಮ್ಮಲ್ಲಿ ಯಾರಾದರೂ ಶಾಲೆಗಳಲ್ಲೋ, ಪಂಚಾಯಿತಿಗಳಲ್ಲೋ, ವಿಕಲಚೇತನರ ಇಲಾಖೆಯಲ್ಲೋ ಕೆಲಸ ಮಾಡುತ್ತಿದ್ದರೆ, ನಿಮ್ಮ ಮೇಜಿನ ಮೇಲಿನ ಆದೇಶಗಳಲ್ಲಿ ಯಾವ ಪದ ಇದೆ, ಅದನ್ನು ಅಲ್ಲಿ ಹೇಗೆ ಓದುತ್ತಾರೆ ಅಂತ ಬರೆಯಿರಿ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದಿದ್ದೇನೆ.